ಉಸಿರು ಮೈಯನ್ನು ಎಲ್ಲೆಲ್ಲಿ ಮುಟ್ಟುತ್ತದೆ?

ಈಗ ನಿಮ್ಮ ಯಾವ ಹೊಳ್ಳೆಯಲ್ಲಿ ಉಸಿರು ಹೆಚ್ಚು ಸಲೀಸಾಗಿ ಆಡುತ್ತಿದೆ? ಬೆರಳಿನಿಂದ ಒಂದೊಂದನ್ನೇ ಮುಚ್ಚಿ ನೋಡಿ. ಹೆಚ್ಚಿನವರಿಗೆ ಒಂದು ಕಡೆ ಬಿಡುವಾಗಿಯೂ ಇನ್ನೊಂದು ಕಡೆ ತುಸು ಕಟ್ಟಿದಂತೆಯೂ ಇರುತ್ತದೆ. ಇದಕ್ಕೆ ನೆಗಡಿಯೇ ಆಗಬೇಕೆಂದಿಲ್ಲ. ಮೂಗಿನೊಳಗಿನ ಮೃದು ಅಂಗಾಂಶದಲ್ಲಿ ರಕ್ತ ತುಂಬಿ ಒಂದು ಬದಿ ಊದಿಕೊಳ್ಳುತ್ತದೆ, ಕೆಲವು ಗಂಟೆಗಳಲ್ಲಿ ಸರದಿ ಬದಲಾಗುತ್ತದೆ. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ಇದನ್ನು ವಿವರಿಸಿದರು. ನಮ್ಮ ಯೋಗಿಗಳು ಅದಕ್ಕೂ ಎಷ್ಟೋ ಮೊದಲೇ ಎಡದ್ದನ್ನು ಚಂದ್ರಸ್ವರ, ಬಲದ್ದನ್ನು ಸೂರ್ಯಸ್ವರ ಎಂದು ಗುರುತಿಸಿದ್ದರು. ನಿಮಿಷಕ್ಕೆ 14 ಉಸಿರು ಎಂದಿಟ್ಟುಕೊಂಡರೂ ದಿನಕ್ಕೆ 20,000 ಸಲ ಗಾಳಿ ಇದೇ ದಾರಿಯಲ್ಲಿ ಹೋಗಿಬರುತ್ತದೆ. ಯಾವ ಹೊಳ್ಳೆಯಲ್ಲಿ ಎಂಬುದು ಮಾತ್ರ ಕೇಳುವವರೆಗೆ ನಮಗೆ ಗೊತ್ತಿರುವುದಿಲ್ಲ.

ಉಸಿರನ್ನು ಗಮನಿಸಿ ಎಂದು ಧ್ಯಾನ ಕಲಿಸುವವರು ಹೇಳುತ್ತಾರೆ. ಆದರೆ ಗಾಳಿಯನ್ನೇ ನೇರವಾಗಿ ತಿಳಿಯುವ ಇಂದ್ರಿಯ ನಮಗಿಲ್ಲ. ಗಾಳಿ ಓಡಾಡುವಾಗ ಮೈಯಲ್ಲಿ ಏಳುವ ತಂಪು, ಎಳೆತ, ಒತ್ತಡ ಇಷ್ಟೇ ನಮಗೆ ಸಿಗುವುದು. ಯಾವುದು ಎಲ್ಲಿ ಸಿಗುತ್ತದೆ ಎಂದು ತಿಳಿದು ಕುಳಿತರೆ ಅಭ್ಯಾಸ ಬೇಗ ಕೈಹಿಡಿಯುತ್ತದೆ. ತಿಳಿಯದವರು ಇಲ್ಲದ ಕಡೆ ಹುಡುಕಿ ಹುಡುಕಿ ಬೇಸತ್ತು ಏಳುತ್ತಾರೆ.

ಮೊದಲು ಮೂಗು. ಒಳಗೆ ಹೋಗುವ ಗಾಳಿ ಹೊಳ್ಳೆಯ ಒಳಚರ್ಮದ ತೇವವನ್ನು ಆರಿಸುತ್ತದೆ; ಒದ್ದೆ ಕೈಗೆ ಊದಿಕೊಂಡರೆ ತಣ್ಣಗಾಗುತ್ತದಲ್ಲ, ಹಾಗೆ. ಆ ತಂಪನ್ನು ಅಲ್ಲಿನ ನರತುದಿಗಳು ಹಿಡಿಯುತ್ತವೆ. ಅವುಗಳಲ್ಲಿರುವ ಟಿಆರ್‌ಪಿಎಂ8 ಎಂಬ ಪ್ರೋಟೀನ್ ತಂಪಿಗೂ ಮೆಂಥಾಲ್‌ಗೂ ಒಂದೇ ರೀತಿ ಸ್ಪಂದಿಸುತ್ತದೆ. ಮೂಗು ಕಟ್ಟಿದಾಗ ಮೆಂಥಾಲ್ ಇರುವ ಮುಲಾಮು ಹಚ್ಚಿದರೆ ಮೂಗು ಬಿಟ್ಟಂತೆ ಅನ್ನಿಸುವುದು ಇದರಿಂದಲೇ. ಒಳದಾರಿ ಮೊದಲಿನಷ್ಟೇ ಕಿರಿದಾಗಿರುತ್ತದೆ, ತಂಪು ಹೆಚ್ಚಿದ್ದರಿಂದ ಗಾಳಿ ಹೆಚ್ಚು ಬಂದಂತೆ ತೋರುತ್ತದೆ. ಗಾಳಿಯ ಅರಿವು ಎಂದು ನಾವು ಕರೆಯುವುದರಲ್ಲಿ ಬಹುಪಾಲು ತಂಪಿನ ಅರಿವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಡಿಸೆಂಬರಿನ ಬೆಳಗಿನ ಜಾವ ಮಡಿಕೇರಿಯಲ್ಲಿ ಕುಳಿತವರಿಗೆ ಮೂಗಿನ ತುದಿಯ ಉಸಿರು ಗೆರೆ ಎಳೆದಷ್ಟು ಸ್ಪಷ್ಟ. ಏಪ್ರಿಲಿನ ಮಂಗಳೂರಿನಲ್ಲಿ ಗಾಳಿಯೇ ಬೆಚ್ಚಗೆ, ತೇವ ತುಂಬಿಕೊಂಡು ಇರುವುದರಿಂದ ಅದೇ ಅನುಭವ ಮಂಕಾಗುತ್ತದೆ. ಅದು ಏಕಾಗ್ರತೆಯ ಕೊರತೆಯಲ್ಲ, ಹವೆಯ ಗುಣ.

ಹಾಗೆ ಮಂಕಾದಾಗ ಹೊಟ್ಟೆಗೆ ಬನ್ನಿ. ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆ ಬರುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆ ವಪೆ ಒಂದೆರಡು ಸೆಂಟಿಮೀಟರ್‌ನಷ್ಟು ಕೆಳಗಿಳಿದು ಕರುಳು, ಜಠರಗಳನ್ನು ಒತ್ತುತ್ತದೆ. ಅವು ಮುಂದಕ್ಕೆ ಜರುಗಿ ಹೊಟ್ಟೆ ಉಬ್ಬುತ್ತದೆ. ವಿಶೇಷವೆಂದರೆ, ಇಷ್ಟೆಲ್ಲ ದುಡಿಯುವ ವಪೆಯ ಚಲನೆ ನಮಗೆ ನೇರವಾಗಿ ಅಷ್ಟು ತಿಳಿಯುವುದಿಲ್ಲ. ಸ್ನಾಯು ಎಷ್ಟು ಎಳೆದುಕೊಂಡಿದೆ ಎಂದು ವರದಿ ಮಾಡುವ ಗ್ರಾಹಕಗಳು ಅದರಲ್ಲಿ ತೀರ ವಿರಳ, ಪಕ್ಕೆಲುಬುಗಳ ನಡುವಿನ ಸ್ನಾಯುಗಳಲ್ಲಿ ಹೇರಳ. ಆದ್ದರಿಂದ ‘ವಪೆಯನ್ನು ಅನುಭವಿಸಿ’ ಎಂಬ ಸೂಚನೆ ಕೇಳಿ ಏನೂ ಸಿಗದಿದ್ದರೆ ನಿಮ್ಮ ತಪ್ಪಿಲ್ಲ. ಹೊಕ್ಕುಳಿನ ಸುತ್ತ ಬಟ್ಟೆ ಬಿಗಿಯಾಗುವುದು, ಸಡಿಲವಾಗುವುದು, ಕೆಳಗಿನ ಪಕ್ಕೆಲುಬು ಅಗಲವಾಗುವುದು ಇಷ್ಟು ಸಿಕ್ಕರೆ ಸಾಕು.

ಕುಳಿತುಕೊಳ್ಳುವ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಊಟವಾಗಿ ಎರಡು ಗಂಟೆ ಕಳೆದಿರಲಿ. ನೆಲದ ಮೇಲಾದರೆ ಮಡಿಸಿದ ಕಂಬಳಿ ಹಾಕಿ ಮೂರು ನಾಲ್ಕು ಇಂಚು ಎತ್ತರ ಮಾಡಿಕೊಳ್ಳಿ, ಮಂಡಿ ಸೊಂಟಕ್ಕಿಂತ ಕೆಳಗೆ ಬರಬೇಕು. ಇಲ್ಲದಿದ್ದರೆ ನಡು ಹಿಂದಕ್ಕೆ ಕುಸಿದು ಹೊಟ್ಟೆ ಮಡಿಸಿಕೊಳ್ಳುತ್ತದೆ, ಉಸಿರಿಗೆ ಜಾಗವಿರುವುದಿಲ್ಲ. ಕಾಲು ಜೋಮು ಹಿಡಿಯುವುದು ನರ ಒತ್ತಿಕೊಂಡಿದ್ದರಿಂದ. ಅದನ್ನು ಹಟದಿಂದ ಸಹಿಸಬೇಡಿ, ಕಾಲು ಬದಲಿಸಿ. ಕುರ್ಚಿಯೂ ಆಗುತ್ತದೆ. ಮೊದಲ ವಾರ 10 ನಿಮಿಷ, ಆಮೇಲೆ 20.

ಇನ್ನು ನಿಜವಾದ ಕಷ್ಟಕ್ಕೆ ಬರೋಣ: ಗಮನಿಸಿದ ಕೂಡಲೇ ಉಸಿರು ಬದಲಾಗುತ್ತದೆ. ಇದಕ್ಕೆ ಕಾರಣವಿದೆ. ಉಸಿರಾಟಕ್ಕೆ ಇಬ್ಬರು ಯಜಮಾನರು. ಒಬ್ಬ ಮೆದುಳುಕಾಂಡದಲ್ಲಿರುವ ಪ್ರಿ-ಬೋಟ್ಸಿಂಗರ್ ಎಂಬ ಪುಟ್ಟ ನರಕೋಶಗಳ ಗುಂಪು. ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು 1991ರಲ್ಲಿ ಗುರುತಿಸಿದ ಈ ಗುಂಪು ನಿದ್ದೆಯಲ್ಲೂ ತಾಳ ಹಾಕುತ್ತಿರುತ್ತದೆ. ಇನ್ನೊಬ್ಬ, ನಾವು ಮಾತಾಡುವಾಗ, ಹಾಡುವಾಗ, ನೀರಲ್ಲಿ ಮುಳುಗುವಾಗ ಉಸಿರನ್ನು ಬೇಕೆಂದಂತೆ ಬಳಸುವ ಮೆದುಳಿನ ಹೊರಪದರ. ಗಮನ ಕೊಟ್ಟೊಡನೆ ಎರಡನೆಯವನು ಕೈ ಹಾಕುತ್ತಾನೆ. ಪ್ರಾಣಾಯಾಮದಲ್ಲಿ ಅವನನ್ನೇ ದುಡಿಸಿಕೊಳ್ಳುತ್ತೇವೆ, ಸಹಜ ಉಸಿರನ್ನು ಬದಲಿಸದೆ ನೋಡುವ ಆನಾಪಾನದಲ್ಲಿ ಅವನು ಸುಮ್ಮನಿರಬೇಕು. ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದ ಆಗುವಷ್ಟು ಗೊಂದಲ ಬೇರಾವುದರಿಂದಲೂ ಆಗುವುದಿಲ್ಲ.

ಒಂದು ಉಪಾಯವಿದೆ. ಎಣಿಕೆಯನ್ನು ಒಳಉಸಿರಿಗೆ ಹಾಕಬೇಡಿ, ಹೊರಉಸಿರು ಮುಗಿದ ಮೇಲೆ ‘ಒಂದು’ ಎನ್ನಿ. ವಿಶ್ರಾಂತಿಯಲ್ಲಿ ಹೊರಉಸಿರಿಗೆ ಸ್ನಾಯುಗಳ ದುಡಿಮೆ ಹೆಚ್ಚು ಬೇಕಿಲ್ಲ. ಹಿಗ್ಗಿದ ಶ್ವಾಸಕೋಶ ತಾನಾಗಿ ಕುಗ್ಗುತ್ತದೆ. ಕೊನೆಯಲ್ಲಿ ಒಂದು ಸಣ್ಣ ಬಿಡುವು ಬರುತ್ತದೆ. ಆ ಬಿಡುವನ್ನು ಹತ್ತಿರದಿಂದ ನೋಡಿ: ಮೂಗಿನಲ್ಲಿ ಏನೂ ಇಲ್ಲ, ಹೊಟ್ಟೆ ಇಳಿದು ನಿಂತಿದೆ, ಭುಜ ಕೂದಲೆಳೆಯಷ್ಟು ಕೆಳಗೆ ಜಾರಿದೆ. ಮುಂದಿನ ಉಸಿರನ್ನು ಎಳೆಯಬೇಡಿ, ಕಾಯಿರಿ. ಅದು ತಾನಾಗಿ ಬಂದಾಗ ಗೊತ್ತಾಗುತ್ತದೆ, ಇದು ನಾನು ತೆಗೆದುಕೊಂಡ ಉಸಿರಲ್ಲ ಎಂದು. ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಶುರು ಮಾಡಿ. ಹದಿನಾಲ್ಕಕ್ಕೆ ಹೋಗಿದ್ದರೆ ಮನಸ್ಸು ಎಲ್ಲೋ ಹೋಗಿತ್ತೆಂದು ಅರ್ಥ; ಒಂದಕ್ಕೆ ಬನ್ನಿ, ಅಷ್ಟೇ.

ತಲೆ ಹಗುರಾಗಿ ತಿರುಗುವುದು, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮ್ಮೆನ್ನುವುದು ಕೆಲವರಿಗೆ ಆಗುತ್ತದೆ. ಇದನ್ನು ಶಕ್ತಿ ಏರುತ್ತಿದೆ ಎಂದು ಹಿಗ್ಗಿ ಇನ್ನೂ ಜೋರಾಗಿ ಉಸಿರೆಳೆಯುವವರಿದ್ದಾರೆ. ಸಾಮಾನ್ಯವಾಗಿ ಇದು ಅತಿಯಾಗಿ ಉಸಿರಾಡಿದ್ದರ ಲಕ್ಷಣ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಾಗ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ರಕ್ತ ಕ್ಷಾರದ ಕಡೆ ವಾಲಿ ಬಿಡಿ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ನರಗಳು ಸುಮ್ಮಸುಮ್ಮನೆ ಮಿಡಿಯತೊಡಗುತ್ತವೆ. ಎಣಿಕೆ ಬಿಟ್ಟು, ಕಣ್ಣು ತೆರೆದು, ಪಾದ ನೆಲಕ್ಕೆ ಒತ್ತಿದ ಜಾಗವನ್ನು ಗಮನಿಸಿ. ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ. ಗಾಬರಿಯ ಕಾಯಿಲೆ, ಆಸ್ತಮಾ ಅಥವಾ ಹಿಂದಿನ ದೊಡ್ಡ ಆಘಾತದ ನೆನಪು ಇರುವವರಿಗೆ ಉಸಿರನ್ನು ನೋಡುವುದೇ ಕಳವಳ ತರಬಹುದು. ಅಂಥವರು ಪಾದದಿಂದಲೋ ಸುತ್ತಲಿನ ಸದ್ದಿನಿಂದಲೋ ಆರಂಭಿಸಲಿ, ಔಷಧಿಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು.

ಉಸಿರು ನೆಲೆಗೊಂಡ ಮೇಲೆ ಗಮನವನ್ನು ಮೈಗೆ ಹರಡಬಹುದು. ಧ್ಯಾನಗುರು ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರಗಳಲ್ಲಿ ಮೊದಲ ಮೂರೂವರೆ ದಿನ ಗಮನವನ್ನು ಮೂಗು, ಮೇಲ್ತುಟಿಯ ಸುತ್ತಲೇ ಹರಿತ ಮಾಡಿ, ಆಮೇಲಷ್ಟೇ ಇಡೀ ಮೈಗೆ ಒಯ್ಯುವುದು ಇದೇ ಕ್ರಮ. ಮೊದಲು ಅಂಗೈಗೆ ಹೋಗಿ, ಬೇಗ ಸಿಗುತ್ತದೆ. ಬೆನ್ನು ಖಾಲಿ ಎನ್ನಿಸಬಹುದು. ಬೆರಳ ತುದಿಯಲ್ಲಿ 2–3 ಮಿಲಿಮೀಟರ್ ಅಂತರದ ಎರಡು ಚುಕ್ಕೆಗಳನ್ನು ಬೇರೆ ಬೇರೆ ಎಂದು ಗುರುತಿಸುವ ನಮ್ಮ ಚರ್ಮಕ್ಕೆ ಬೆನ್ನಿನಲ್ಲಿ ಸುಮಾರು 40 ಮಿಲಿಮೀಟರ್ ಅಂತರ ಬೇಕು. ಅಲ್ಲಿ ನರದ ಹಂಚಿಕೆ ತೆಳು.

ಮೈಯೊಳಗಿನ ಈ ಅರಿವಿಗೆ ಮೆದುಳಿನಲ್ಲಿ ಮುಖ್ಯ ತಾಣ ಇನ್ಸುಲಾ, ಕಿವಿಯ ಮೇಲ್ಭಾಗದ ನೇರಕ್ಕೆ ಮೆದುಳಿನ ಮಡಿಕೆಯ ಆಳದಲ್ಲಿ ಅಡಗಿದ ಪದರ. ಶ್ವಾಸಕೋಶ, ಹೃದಯ, ಕರುಳುಗಳ ಸುದ್ದಿಯ ದೊಡ್ಡ ಪಾಲು ಅಲ್ಲಿಗೆ ಬರುವುದು ವೇಗಸ್ ನರದ ಮೂಲಕ. ಅದರ ಸುಮಾರು 80 ಶೇಕಡ ಎಳೆಗಳು ಮೈಯಿಂದ ಮೆದುಳಿಗೆ ಹೋಗುವಂಥವು. ಹಾಗೆಂದು ಧ್ಯಾನಿಗಳಿಗೆ ಒಳಗಿನದೆಲ್ಲ ಕಾಣುತ್ತದೆ ಎನ್ನಲಾಗದು. ಸಾಹಿಬ್ ಖಾಲ್ಸಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅನುಭವಿ ಧ್ಯಾನಿಗಳು ತಮ್ಮ ಎದೆಬಡಿತವನ್ನು ಗುರುತಿಸುವುದರಲ್ಲಿ ಇತರರಿಗಿಂತ ಮುಂದಿರಲಿಲ್ಲ. ಚೆನ್ನಾಗಿ ಗುರುತಿಸಿದೆವು ಎಂಬ ನಂಬಿಕೆ ಮಾತ್ರ ಅವರಲ್ಲಿ ಹೆಚ್ಚಿತ್ತು. ಅಭ್ಯಾಸಿಗಳೆಲ್ಲರೂ ನೆನಪಿಡಬೇಕಾದ ಫಲಿತಾಂಶವಿದು.

ಎದೆಬಡಿತಕ್ಕೆ ಬೆರಳಿನ ನೆರವು ಪಡೆಯಿರಿ. ಏಳುವ ಮುನ್ನ ಎಡಗೈಯ ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳನ್ನು ಹಗುರವಾಗಿ ಇಟ್ಟು ನಾಡಿ ಹಿಡಿಯಿರಿ. ಉಸಿರು ಒಳಗೆ ಬರುವಾಗ ಬಡಿತ ತುಸು ಚುರುಕಾಗುತ್ತದೆ, ಹೊರಗೆ ಹೋಗುವಾಗ ನಿಧಾನವಾಗುತ್ತದೆ. ಎಳೆಯರಲ್ಲಿ ಇದು ಸ್ಪಷ್ಟ, ವಯಸ್ಸಾದಂತೆ ಕ್ಷೀಣ. ಐದಾರು ಉಸಿರು ಕಾದರೆ, ಹೊರಉಸಿರಿನ ಕೊನೆಯಲ್ಲಿ ಎರಡು ಬಡಿತಗಳ ನಡುವಿನ ಅಂತರ ಹಿಗ್ಗುವುದು ಬೆರಳಿಗೆ ತಾಗುತ್ತದೆ.