ಸುಗ್ಗಿಯ ಹಣ, ತಿಂಗಳ ಕಂತು

ಭತ್ತದ ಒಕ್ಕಣೆ ಮುಗಿದು ದಲ್ಲಾಲಿ ಅಂಗಡಿಯ ಲೆಕ್ಕ ಕೈಸೇರುವ ಡಿಸೆಂಬರಿನಲ್ಲಿ, ಗಂಗಾವತಿಯ ನನ್ನ ಕಚೇರಿಗೆ ಬರುವ ರೈತರಲ್ಲಿ ಅನೇಕರು ಸಾಲದ ಅರ್ಜಿಗೆ ಕಾಗದಪತ್ರ ಹೊಂದಿಸಿಕೊಳ್ಳಲು ಬಂದವರಾಗಿರುತ್ತಾರೆ. ಕಳೆದ ಹಂಗಾಮಿನಲ್ಲಿ ಕಾರಟಗಿ ಕಡೆಯ ರೈತರೊಬ್ಬರು, ನೀರಾವರಿ ಜಮೀನಿದ್ದೂ ಮನೆ ಸಾಲ ಮಂಜೂರಾಗದೆ, ನೊಂದು ಬಂದಿದ್ದರು. "ಯಾರದೂ ಒಂದು ರೂಪಾಯಿ ಇಟ್ಕೊಂಡಿಲ್ರಿ ಸರ, ಎಲ್ಲಾ ಬಡ್ಡಿ ಸಮೇತ ಕಟ್ಟೀನಿ" ಎಂದರು.

ಅವರ ಮಾತು ನಿಜವಾಗಿತ್ತು. ಆದರೆ ಬೈಕ್ ಸಾಲದ ಕಂತುಗಳು ಪ್ರತಿವರ್ಷ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಿಂತುಹೋಗಿ, ಸುಗ್ಗಿಯ ನಂತರ ದಂಡದೊಂದಿಗೆ ಒಟ್ಟಿಗೆ ಪಾವತಿಯಾಗಿದ್ದವು. ನಮ್ಮ ಸೀಮೆಯಲ್ಲಿ ಬೆಳೆ ಬಂದಾಗ ಕೊಡುವವನು ಮಾತಿಗೆ ತಪ್ಪಿದವನಲ್ಲ. ಸಾಲ ಕೊಡುವ ಮುನ್ನ ಬ್ಯಾಂಕುಗಳು ನೋಡುವ, ನಾವು ಸಾಲ ತೀರಿಸಿದ ದಾಖಲೆಯಾದ ಕ್ರೆಡಿಟ್ ವರದಿಯಾದರೋ ಪ್ರತಿ ತಿಂಗಳ ಕಂತು ಎಷ್ಟು ದಿನ ತಡವಾಯಿತೆಂಬುದನ್ನು 36 ತಿಂಗಳವರೆಗೆ ಸಾಲುಸಾಲಾಗಿ ತೋರಿಸುತ್ತದೆ.

ಈ ವರದಿಯನ್ನು ಎಲ್ಲರೂ 'ಸಿಬಿಲ್' ಎಂದೇ ಕರೆದರೂ ಅದು ಇಂತಹ ವರದಿ ಸಿದ್ಧಪಡಿಸುವ ನಾಲ್ಕು ಕಂಪನಿಗಳಲ್ಲಿ ಒಂದರ ಹೆಸರು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಉಳಿದವು. ವರದಿಯ ಜೊತೆ ಕೊಡುವ ಅಂಕ 300ರಿಂದ 900ರವರೆಗೆ ಇರುತ್ತದೆ. 750ರ ಮೇಲಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಒಳ್ಳೆಯದೆಂದು ಪರಿಗಣಿಸುತ್ತವೆ, ಇದು ರೂಢಿಯೇ ಹೊರತು ಕಾನೂನಲ್ಲ. ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಅದಕ್ಕಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ.

ವರ್ಷಕ್ಕೆರಡು ಬಾರಿ ಮಾತ್ರ ಆದಾಯ ಕಾಣುವವರು ಸಾಲಕ್ಕೆ ಸಹಿ ಹಾಕುವ ಮುನ್ನವೇ ಕಂತಿನ ಕಾಲವನ್ನು ಮಾತಾಡಿಕೊಳ್ಳಬೇಕು. ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳಿಗೊಂದು ಕಂತು ನಿಗದಿಪಡಿಸುವ ಅವಕಾಶವನ್ನು ಬ್ಯಾಂಕುಗಳು ಕೊಡುತ್ತವೆ, ಕೇಳಿ ಪಡೆಯಬೇಕಷ್ಟೆ. ಬೈಕ್ ಮತ್ತು ಮೊಬೈಲಿನ ಸಾಲಗಳಿಗೆ ಈ ಸೌಲಭ್ಯ ಸಿಗುವುದು ಅಪರೂಪವಾದ್ದರಿಂದ, ಭತ್ತದ ಹಣ ಬಂದ ವಾರದಲ್ಲೇ ಮುಂದಿನ ಸುಗ್ಗಿಯವರೆಗಿನ ಕಂತುಗಳಷ್ಟು ಮೊತ್ತವನ್ನು ಪ್ರತ್ಯೇಕ ಉಳಿತಾಯ ಖಾತೆಯಲ್ಲಿಟ್ಟು, ಕಂತು ಅಲ್ಲಿಂದಲೇ ಕಡಿತವಾಗುವಂತೆ ಬರೆದುಕೊಡಬೇಕು. ಆ ಖಾತೆಯಿಂದ ಗೊಬ್ಬರಕ್ಕೂ ಹಬ್ಬಕ್ಕೂ ಹಣ ತೆಗೆಯಬಾರದು. ಅಷ್ಟು ಮೊತ್ತವನ್ನು ತೆಗೆದಿಡಲಾಗದಿದ್ದರೆ ಆ ಸಾಲ ನಮ್ಮ ಶಕ್ತಿಗೆ ಮೀರಿದ್ದೆಂದೇ ನಾನು ಹೇಳುತ್ತೇನೆ.

ಅದೇ ರೈತರ ವರದಿಯಲ್ಲಿ ಇನ್ನೊಂದು ಸಾಲವೂ ಇತ್ತು. ಷಡ್ಡಕರು ಮನೆಗೆ ಬಂದು ಕೇಳಿದಾಗ ಇಲ್ಲವೆನ್ನಲಾಗದೆ ಅವರ ಸಾಲಕ್ಕೆ ಜಾಮೀನು ಹಾಕಿ, ಅದನ್ನು ಮರೆತೇಬಿಟ್ಟಿದ್ದರು. ಜಾಮೀನೆಂದರೆ ಬರೀ ಸಾಕ್ಷಿಯ ಸಹಿ ಎಂದು ಅವರು ತಿಳಿದಿದ್ದರು, ಅದು ಹಾಗಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 128ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಸಾಲಗಾರ ತಪ್ಪಿದರೆ ಆ ಬಾಕಿ ಜಾಮೀನುದಾರನ ವರದಿಯಲ್ಲೂ ಕಾಣುತ್ತದೆ. ಸಂಬಂಧ ಉಳಿಸಿಕೊಳ್ಳಲು ಸಹಿ ಹಾಕುವವರು, ಕಂತು ಕಟ್ಟಿದ ರಸೀದಿಯನ್ನು ಆಗಾಗ ಕೇಳಿ ನೋಡುವ ಸಲುಗೆಯನ್ನೂ ಮೊದಲೇ ಇಟ್ಟುಕೊಳ್ಳಬೇಕು.

ಬಾಕಿ ಬೆಳೆದಾಗ ಸ್ವಲ್ಪ ಕಡಿಮೆ ಕಟ್ಟಿ ಮುಗಿಸಿಕೊಳ್ಳಿ ಎಂದು ಸಾಲ ಕೊಟ್ಟವರೇ ಹೇಳುವುದುಂಟು. ಹಾಗೆ ಮುಗಿಸಿದ ಸಾಲ ವರದಿಯಲ್ಲಿ 'ಕ್ಲೋಸ್ಡ್' ಎಂದಾಗದೆ 'ಸೆಟಲ್ಡ್' ಎಂದು ದಾಖಲಾಗುತ್ತದೆ, ಮತ್ತು ಮುಂದೆ ಸಾಲ ಕೊಡುವವರು ಅದನ್ನು ಪೂರ್ತಿ ತೀರದ ಸಾಲವೆಂದೇ ಓದುತ್ತಾರೆ.

ಹಳೆಯ ವಿಳಂಬವನ್ನು ಅಳಿಸಿಕೊಡುತ್ತೇವೆಂದು ದುಡ್ಡು ಕೇಳುವವರನ್ನು ನಂಬಬೇಡಿ. ನಿಜವಾಗಿ ನಡೆದ ವಿಳಂಬವನ್ನು ಯಾರೂ ಅಳಿಸಲಾರರು. ಅದರ ಮೇಲೆ ಸಕಾಲದ ಕಂತುಗಳು ಕೂಡುತ್ತ ಹೋದಂತೆ ಅದರ ಭಾರ ಇಳಿಯುತ್ತದೆ. ತಪ್ಪು ದಾಖಲೆಯನ್ನು ಮಾತ್ರ ತಿದ್ದಿಸಬಹುದು. ದೂರು ಕೊಟ್ಟ 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ಷಡ್ಡಕರ ಸಾಲ ತೀರಿ ಬೇಬಾಕಿ ಪತ್ರ ಸಿಕ್ಕಿದ್ದರೂ ವರದಿಯಲ್ಲಿ ಬಾಕಿಯೆಂದೇ ಇತ್ತು. ಪತ್ರದ ಪ್ರತಿಯನ್ನು ಲಗತ್ತಿಸಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಅವರ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಟ್ಟೆ.