ಮಾಸ್ಟರ್ ಯಾರ ಹೆಸರಲ್ಲಿದೆ?

ಹಾಸನದಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ನಡೆಸುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಅಣ್ಣಾ, ಹಾಡು ರೆಡಿ ಆಯ್ತು, ಯಾವ ಕಂಪನಿಗೆ ಕೊಡೋದು?" ಸಕಲೇಶಪುರದವರೂ ಇದನ್ನೇ ಕೇಳುತ್ತಾರೆ, ಅರಸೀಕೆರೆಯವರೂ ಇದನ್ನೇ. ಬೆಂಗಳೂರಿನ ದೊಡ್ಡ ಹೆಸರೊಂದು ಬೆನ್ನಿಗಿಲ್ಲದೆ ಹಾಡು ಹೊರಗೆ ಬರೋದೇ ಇಲ್ಲ ಅನ್ನೋ ನಂಬಿಕೆ. ನೀವೇ ಯಾಕೆ ಒಂದು ಲೇಬಲ್, ಅಂದರೆ ಹಾಡು ಹೊರತರುವ ಸ್ವಂತ ಕಂಪನಿ, ಶುರು ಮಾಡಬಾರದು ಅಂತ ನಾನು ತಿರುಗಿ ಕೇಳುತ್ತೇನೆ. ಹಾಡಿನ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್, ಯಾರ ಹೆಸರಲ್ಲಿರುತ್ತೆ ಅಂತಲೂ ಕೇಳುತ್ತೇನೆ. ಹೊಸ ಸಂಗೀತವನ್ನು ಮೊದಲು ಕೇಳಿಸಿಕೊಂಡ ಎಷ್ಟೋ ಕಂಪನಿಗಳು ಹುಟ್ಟಿದ್ದು ಬಾಡಿಗೆ ಕೋಣೆಯಲ್ಲಿ, ಅಂಗಡಿಯ ಹಿಂಬದಿಯಲ್ಲಿ.

ಸ್ಯಾಮ್ ಫಿಲಿಪ್ಸ್ ಅವರನ್ನೇ ನೋಡಿ. 1950ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ ಅವರು ತೆರೆದದ್ದು ದುಡ್ಡು ತೆಗೆದುಕೊಂಡು ರೆಕಾರ್ಡ್ ಮಾಡಿಕೊಡುವ ಸಣ್ಣ ಸ್ಟುಡಿಯೋ. ಏನನ್ನು ಬೇಕಾದರೂ, ಎಲ್ಲಿ ಬೇಕಾದರೂ ಬಂದು ರೆಕಾರ್ಡ್ ಮಾಡುತ್ತೇವೆ ಅನ್ನೋದೇ ಅವರ ಜಾಹೀರಾತು. ಮದುವೆ, ಶವಸಂಸ್ಕಾರ, ಭಾಷಣ, ಯಾವುದನ್ನೂ ಬಿಡಲಿಲ್ಲ. ನಾನು ಬಾಡಿಗೆ ಕಟ್ಟುವುದೂ ಹೀಗೇ: ಭಕ್ತಿಗೀತೆ, ಚುನಾವಣೆ ಪ್ರಚಾರದ ಹಾಡು, ಶಾಲಾ ವಾರ್ಷಿಕೋತ್ಸವದ ಟ್ರ್ಯಾಕ್. ಅದರ ನಡುವೆ ಫಿಲಿಪ್ಸ್ ಬೇರೆಯವರು ಒಳಗೆ ಬಿಡದ ಕಪ್ಪು ಗಾಯಕರ ಬ್ಲೂಸ್ ಹಾಡುಗಳನ್ನು ರೆಕಾರ್ಡ್ ಮಾಡಿ, ಬೇರೆ ಊರಿನ ಕಂಪನಿಗಳಿಗೆ ಕೊಡುತ್ತಿದ್ದರು. 1952ರಲ್ಲಿ ಸ್ವಂತ ಲೇಬಲ್ ಮಾಡಿದರು, ಹೆಸರು ಸನ್ ರೆಕಾರ್ಡ್ಸ್. ಮರುವರ್ಷ ಒಬ್ಬ ಹುಡುಗ ಸುಮಾರು 4 ಡಾಲರ್ ಕೊಟ್ಟು ತನಗೋಸ್ಕರ ಎರಡು ಹಾಡು ರೆಕಾರ್ಡ್ ಮಾಡಿಸಿಕೊಂಡ. ಅವನೇ ಮುಂದೆ ಜಗತ್ತಿಗೇ ಹೆಸರಾದ ಗಾಯಕ ಎಲ್ವಿಸ್ ಪ್ರೆಸ್ಲಿ. ಬಾಗಿಲು ತಳ್ಳಿಕೊಂಡು ಬಂದ ಗಿರಾಕಿಯನ್ನು ಕಿವಿಗೊಟ್ಟು ಕೇಳುವುದು ಈ ಕಸುಬಿನ ಮೊದಲ ಪಾಠ ಅಂತ ನಾನು ನಂಬಿದ್ದೇನೆ. 1955ರಲ್ಲಿ ದುಡ್ಡಿನ ಮುಗ್ಗಟ್ಟಿನಲ್ಲಿದ್ದ ಫಿಲಿಪ್ಸ್ ಎಲ್ವಿಸ್‌ನ ಕರಾರನ್ನು 35,000 ಡಾಲರ್‌ಗೆ ಆರ್‌ಸಿಎ ಕಂಪನಿಗೆ ಮಾರಿದರು.

ಅದೇ ಊರಿನ ಸ್ಟ್ಯಾಕ್ಸ್ ಲೇಬಲ್‌ನ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಜಿಮ್ ಸ್ಟೀವರ್ಟ್ ಬ್ಯಾಂಕ್ ನೌಕರ, ಬಿಡುವಿನಲ್ಲಿ ಪಿಟೀಲು ನುಡಿಸುವವರು. 1957ರಲ್ಲಿ ಒಂದು ಲೇಬಲ್ ಶುರು ಮಾಡಿದರು. ಟೇಪ್ ರೆಕಾರ್ಡರ್ ಕೊಳ್ಳಲು ದುಡ್ಡಿರಲಿಲ್ಲ. ಅಕ್ಕ ಎಸ್ಟೆಲ್ ಆಕ್ಸ್‌ಟನ್ ತನ್ನ ಮನೆಯನ್ನೇ ಅಡವಿಟ್ಟು ಆಂಪೆಕ್ಸ್ ಮಶೀನ್ ಕೊಡಿಸಿದರು. 1960ರಲ್ಲಿ ಮುಚ್ಚಿಹೋಗಿದ್ದ ಒಂದು ಚಿತ್ರಮಂದಿರವನ್ನು ಬಾಡಿಗೆಗೆ ಹಿಡಿದರು. ಕುರ್ಚಿ ಕಿತ್ತರು, ಇಳಿಜಾರಿನ ನೆಲವನ್ನು ಹಾಗೇ ಬಿಟ್ಟರು. ಆ ಇಳಿಜಾರೇ ಅವರ ರೆಕಾರ್ಡಿಂಗ್‌ಗೆ ಬೇರೆಲ್ಲೂ ಸಿಗದ ಒಂದು ನಾದ ಕೊಟ್ಟಿತು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ಅಕ್ಕ ರೆಕಾರ್ಡ್ ಅಂಗಡಿ ತೆರೆದರು. ಬೀದಿಯ ಹುಡುಗರು ಯಾವ ಹಾಡಿಗೆ ತಲೆದೂಗುತ್ತಾರೆ, ಯಾವುದನ್ನು ಕೊಳ್ಳುತ್ತಾರೆ ಅಂತ ಅಲ್ಲೇ ನಿಂತು ನೋಡುತ್ತಿದ್ದರು. ಮುಂದೆ ಹೆಸರು ಮಾಡಿದ ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಬಿಳಿಯರು, ಕರಿಯರು ಕೂಡಿ ಊಟ ಮಾಡುವುದೂ ಕಷ್ಟವಿದ್ದ ಊರಲ್ಲಿ ಇಬ್ಬರೂ ಕೂಡಿ ನುಡಿಸಿದರು. ನನಗೆ ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಇನ್ನೊಂದಿಲ್ಲ.

ಇಷ್ಟೆಲ್ಲ ಕಟ್ಟಿದವರು ಕಳೆದುಕೊಂಡದ್ದು ಒಂದು ಕಾಗದದಿಂದ. ಸ್ಟ್ಯಾಕ್ಸ್ ಹಾಡುಗಳನ್ನು ದೇಶದ ತುಂಬ ಹಂಚುತ್ತಿದ್ದದ್ದು ಅಟ್ಲಾಂಟಿಕ್ ಕಂಪನಿ. ಮೊದಲು ಎಲ್ಲವೂ ಬಾಯಿಮಾತಿನ ಒಪ್ಪಂದ. 1965ರಲ್ಲಿ ಬರಹದ ಕರಾರು ಬಂತು. ಸ್ಟೀವರ್ಟ್ ನಂಬಿಕೆಯ ಮೇಲೆ, ಪೂರ್ತಿ ಓದದೆ ಸಹಿ ಹಾಕಿದರು. ಅಟ್ಲಾಂಟಿಕ್ ಬೇರೆಯವರಿಗೆ ಮಾರಾಟವಾದ ಮೇಲೆ, 1968ರಲ್ಲಿ, ನಿಜ ತಿಳಿಯಿತು. ಅಟ್ಲಾಂಟಿಕ್ ಹಂಚಿದ ಅಷ್ಟೂ ಹಾಡುಗಳ ಮಾಸ್ಟರ್ ಟೇಪು ಅಟ್ಲಾಂಟಿಕ್‌ಗೇ ಸೇರಿದ್ದು! ಸ್ಟ್ಯಾಕ್ಸ್‌ನ ಹೆಸರಾಂತ ಗಾಯಕ ಓಟಿಸ್ ರೆಡ್ಡಿಂಗ್ ಹಾಡಿದ್ದೂ ಹೋಯಿತು.

ಇಂಗ್ಲೆಂಡಿನ ಫ್ಯಾಕ್ಟರಿ ರೆಕಾರ್ಡ್ಸ್‌ನಲ್ಲಿ ಆಗಿದ್ದು ಇದರ ತದ್ವಿರುದ್ಧ. 1978ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ಈ ಲೇಬಲ್‌ನ ನಿಲುವು, ಸಂಗೀತದ ಒಡೆತನ ನುಡಿಸಿದವರದ್ದೇ ಅಂತ. 1992ರಲ್ಲಿ ಕಂಪನಿ ಮುಳುಗಿತು, ಆದರೆ ಅಲ್ಲಿ ಹಾಡು ಹೊರತಂದಿದ್ದ ನ್ಯೂ ಆರ್ಡರ್ ತಂಡದ ಹಾಡುಗಳು ಆ ತಂಡದ ಹತ್ತಿರವೇ ಉಳಿದವು. ಅದಕ್ಕೂ ಮೊದಲು, 1977ರಲ್ಲಿ, ಅದೇ ಊರಿನ ಬಜ್‌ಕಾಕ್ಸ್ ತಂಡ 500 ಪೌಂಡ್ ಸಾಲ ಮಾಡಿ ತಾವೇ 1,000 ರೆಕಾರ್ಡ್ ಹಾಕಿಸಿದ್ದರು. ಯಾವ ಹಾಡು ಎಷ್ಟನೇ ಟೇಕ್, ಅಂದರೆ ಎಷ್ಟನೇ ಸಲ ನುಡಿಸಿ ರೆಕಾರ್ಡ್ ಮಾಡಿದ್ದು, ಅಂತ ಹೊದಿಕೆ ಮೇಲೇ ಅಚ್ಚು ಹಾಕಿದ್ದರು. ನೋಡಿ, ಇಷ್ಟು ಸುಲಭ, ನೀವೂ ಮಾಡಿ ಅಂತ ಹೇಳಿದ ಹಾಗೆ ಅಲ್ವಾ?

ಇನ್ನು ನಮ್ಮ ಕಾನೂನು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ರೆಕಾರ್ಡಿಂಗ್‌ನ ಮೊದಲ ಒಡೆಯ ನಿರ್ಮಾಪಕ, ಅಂದರೆ ಮುಂದಾಗಿ ಹೊಣೆ ಹೊತ್ತು ಅದನ್ನು ಮಾಡಿಸಿದವನು. ನೀವು ದುಡ್ಡು ಕೊಟ್ಟು ನನ್ನ ಸ್ಟುಡಿಯೋದಲ್ಲಿ ಮಾಡಿಸಿದ್ದರೆ ಆ ನಿರ್ಮಾಪಕ ನೀವೇ, ನಾನಲ್ಲ. ಹಕ್ಕು ಬೇರೆಯವರ ಕೈಗೆ ಹೋಗಬೇಕಾದರೆ ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿಯೇ ಕಂಪನಿಗಳ ಅಗ್ರಿಮೆಂಟಿನಲ್ಲಿ "ಶಾಶ್ವತವಾಗಿ, ಜಗತ್ತಿನಾದ್ಯಂತ" ಅನ್ನೋ ಮಾತು ಇಣುಕುತ್ತದೆ. ಸಹಿ ಹಾಕುವ ಮೊದಲು ಆ ಸಾಲನ್ನು ಹುಡುಕಿ. 2012ರ ತಿದ್ದುಪಡಿ ಆದ ಮೇಲೆ, ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬಿಟ್ಟುಕೊಟ್ಟು ಬರೆದರೂ ಅದು ಊರ್ಜಿತವಲ್ಲ.

ನಿಮ್ಮದೇ ಲೇಬಲ್ ಆದರೆ ಇದೇ ಕಾಯ್ದೆ ನಿಮಗೂ ಅನ್ವಯ. ಬೇಲೂರಿನ ಕಡೆಯ ಅಜ್ಜಿಯೊಬ್ಬರಿಂದ ಸೋಬಾನೆ ಪದ ಹಾಡಿಸಿಕೊಂಡರೆ, ಅವರಿಗೂ ಗಾಯಕಿಯಾಗಿ ಹಕ್ಕಿದೆ. ಹಾಡಿದವರು ಯಾರು, ತಮಟೆ ಬಾರಿಸಿದವರು ಯಾರು, ಯಾರಿಗೆ ಎಷ್ಟು ಪಾಲು ಅಂತ ಮೈಕ್ ಆನ್ ಮಾಡುವ ಮೊದಲೇ ಒಂದು ಹಾಳೆಯಲ್ಲಿ ಬರೆದು, ಅಜ್ಜಿಗೆ ಓದಿ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ಒಂದು ಪ್ರತಿ ಅವರ ಮನೆಯಲ್ಲೇ ಇರಲಿ. ಮೂಲ ಟ್ರ್ಯಾಕ್‌ಗಳನ್ನು ಸುಮ್ನೆ ಸ್ಟುಡಿಯೋದಲ್ಲಿ ಬಿಟ್ಟು ಹೋಗಬೇಡಿ. ಎರಡು ಹಾರ್ಡ್ ಡಿಸ್ಕ್ ತನ್ನಿ, ಎರಡಕ್ಕೂ ಹಾಕಿಕೊಡುತ್ತೇನೆ.