37 ದಿನ 33 ಆಗುವ ಬಗೆ: ಪಿಸಿಓಎಸ್ ಆನ್‌ಲೈನ್ ಅಧ್ಯಯನಕ್ಕೆ ಸೇರುವವರಿಗೆ

ಜೂನ್ 4ಕ್ಕೆ ಮುಟ್ಟು ಶುರುವಾಯಿತು, 8ಕ್ಕೆ ನಿಂತಿತು. ಮುಂದಿನದು ಬಂದದ್ದು ಜುಲೈ 11ಕ್ಕೆ. ಎಷ್ಟು ದಿನದ ಚಕ್ರ ಎಂದು ಕೇಳಿದರೆ, ನಿಂತ ದಿನದಿಂದ ಎಣಿಸಿ 33 ಎನ್ನುವವರು ಬಹಳ. ಎಣಿಸಬೇಕಾದದ್ದು ಶುರುವಾದ ದಿನದಿಂದ ಶುರುವಾದ ದಿನಕ್ಕೆ, ಅಂದರೆ 37. ವಯಸ್ಕರಲ್ಲಿ 21ರಿಂದ 35 ದಿನದೊಳಗೆ ಬರುವ ಮುಟ್ಟನ್ನು ಸರಿಯಾದದ್ದು ಎಂದು ಹಿಡಿಯುತ್ತಾರೆ. ಹೀಗಾಗಿ ಆ ನಾಲ್ಕು ದಿನದ ತಪ್ಪಿನಿಂದ ಏರುಪೇರಿನ ಚಕ್ರವೊಂದು ಕಾಗದದ ಮೇಲೆ ಸರಿಯಾಗಿಬಿಡುತ್ತದೆ.

ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡಾಶಯ, ಮುಟ್ಟು ಕೆಡುವ ತೊಂದರೆ) ಇರುವವರಿಗೆ ಆನ್‌ಲೈನ್ ನೆರವು ಕೊಟ್ಟರೆ ಉಪಯೋಗವಾಗುತ್ತದೆಯೇ ಎಂದು ನೋಡುವ ಅಧ್ಯಯನಗಳಲ್ಲಿ ಈ ತೊಡಕು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ನೆರವು ಅಂದರೆ ವಾಟ್ಸಾಪ್ ಗುಂಪು ಇರಬಹುದು, ಆ್ಯಪ್ ಇರಬಹುದು, ಆಹಾರತಜ್ಞೆಯ ವಿಡಿಯೋ ಕಾಲ್ ಇರಬಹುದು. ಆಸ್ಪತ್ರೆಯಲ್ಲಾದರೆ ನರ್ಸ್ ಅಳೆದು ಬರೆದುಕೊಳ್ಳುತ್ತಾರೆ. ಇಲ್ಲಿ ಅಳೆಯುವವರೂ ನೀವೇ, ಬರೆಯುವವರೂ ನೀವೇ.

ಮೊದಲ ಪ್ರಶ್ನೆ, ನಿಮಗೆ ಪಿಸಿಓಎಸ್ ಇದೆಯೇ ಎಂಬುದು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ನೀರುಗುಳ್ಳೆ’ ಕಂಡಿತು ಅಂದಷ್ಟಕ್ಕೆ ಇದೆ ಎನ್ನಲಾಗದು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರು ಮೂರು ಲಕ್ಷಣಗಳಲ್ಲಿ ಎರಡು ಇರಬೇಕು ಎಂದರು: ಮುಟ್ಟಿನ ಏರುಪೇರು, ಗಂಡು ಹಾರ್ಮೋನು ಹೆಚ್ಚಿರುವುದು (ರಕ್ತದಲ್ಲಾದರೂ ಸರಿ, ಮೈಕೂದಲಿನಲ್ಲಾದರೂ ಸರಿ), ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ರೂಪ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ವಯಸ್ಕರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ ಎಂಬ ಅಂಡಾಶಯದ ಹಾರ್ಮೋನಿನ ರಕ್ತಪರೀಕ್ಷೆಯೂ ನಡೆಯುತ್ತದೆ. ಮೈನೆರೆದು ಎಂಟು ವರ್ಷ ಕಳೆಯುವವರೆಗೆ ಇವೆರಡನ್ನೂ ನಂಬುವ ಹಾಗಿಲ್ಲ. ಆ ವಯಸ್ಸಿನ ಅಂಡಾಶಯ ಹಾಗೆ ಕಾಣುವುದು ಸಾಮಾನ್ಯ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನಿನ ತೊಂದರೆಯಿಂದಲೂ ಮುಟ್ಟು ಮುಂದಕ್ಕೆ ಹೋಗುತ್ತದೆ. ಅದಕ್ಕೇ ಒಳ್ಳೆಯ ಅಧ್ಯಯನದವರು ಹಳೆಯ ರಿಪೋರ್ಟುಗಳನ್ನು ಕೇಳುತ್ತಾರೆ. ಕಳಿಸುವಾಗ ಹೆಸರು, ಆಸ್ಪತ್ರೆಯ ನಂಬರು ಮುಚ್ಚಬೇಕೇ ಎಂದು ಮೊದಲೇ ವಿಚಾರಿಸಿ.

ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಬರೆಯಿರಿ. ಗುಳಿಗೆ ನಿಲ್ಲಿಸಿದ ವಾರ ಕಾಣುವ ರಕ್ತಸ್ರಾವ ಗುಳಿಗೆಯದು, ಅಂಡಾಶಯದ್ದಲ್ಲ. ಅದನ್ನೇ ‘ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆ’ ಎಂದು ಬರೆದರೆ, ಗುಳಿಗೆಯ ಪುಣ್ಯವೆಲ್ಲ ಆನ್‌ಲೈನ್ ನೆರವಿನ ಖಾತೆಗೆ ಹೋಗುತ್ತದೆ.

ಸೊಂಟದ ಸುತ್ತಳತೆಯಲ್ಲಿ ಆಗುವ ತಪ್ಪು ಇನ್ನೂ ಸ್ವಾರಸ್ಯ. ಸೀರೆ ಉಡುವವರು ಟೇಪನ್ನು ಲಂಗದ ಲಾಡಿ ಕಟ್ಟುವ ಜಾಗಕ್ಕೇ ಸುತ್ತುತ್ತಾರೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಸರಿಯಾದ ಜಾಗ ಅದಲ್ಲ. ಪಕ್ಕೆಯಲ್ಲಿ ಬೆರಳಾಡಿಸಿ ಕೊನೆಯ ಪಕ್ಕೆಲುಬು ಹುಡುಕಿ, ಕೆಳಗೆ ಸೊಂಟದ ಮೂಳೆಯ ಮೇಲಂಚು ಹುಡುಕಿ, ಎರಡರ ನಡುಮಧ್ಯೆ ಪೆನ್ನಿನಲ್ಲಿ ಗುರುತು ಹಾಕಿ. ಬಟ್ಟೆ ಸರಿಸಿ, ನೇರ ನಿಂತು, ಉಸಿರನ್ನು ಸಹಜವಾಗಿ ಹೊರಬಿಟ್ಟ ಕ್ಷಣದಲ್ಲಿ ಓದಿ. ಎರಡು ಸಲ ಅಳೆಯಿರಿ. ಮೊದಲ ದಿನದ ಟೇಪನ್ನೇ ಕೊನೆಯ ದಿನವೂ ಬಳಸಿ; ಹಳೆಯ ಬಟ್ಟೆಟೇಪು ಹಿಗ್ಗಿರುತ್ತದೆ, ಮಧ್ಯೆ ಟೇಪು ಬದಲಾದರೆ ಸೊಂಟ ಕರಗಿತೋ ಟೇಪು ಹಿಗ್ಗಿತೋ ಗೊತ್ತಾಗುವುದಿಲ್ಲ.

ಮೈಕೂದಲಿಗೂ ಅಂಕಪಟ್ಟಿಯಿದೆ. ಮೇಲ್ದುಟಿ, ಗದ್ದ, ಎದೆ, ಹೊಟ್ಟೆಯ ಮೇಲ್ಭಾಗ, ಕೆಳಭಾಗ, ತೋಳು, ತೊಡೆ, ಬೆನ್ನಿನ ಮೇಲ್ಭಾಗ, ಕೆಳಭಾಗ, ಹೀಗೆ ಒಂಬತ್ತು ಕಡೆ, ಒಂದೊಂದಕ್ಕೂ 0ಯಿಂದ 4. ಥ್ರೆಡಿಂಗ್ ಮಾಡಿಸಿಕೊಂಡು ಬಂದ ಸಂಜೆ ಕನ್ನಡಿ ನೋಡಿ ಗದ್ದಕ್ಕೆ 0 ಹಾಕಿದರೆ ಅದು ಪಾರ್ಲರಿನ ಅಂಕ. ಮಾಡಿಸಿದ ದಿನಾಂಕ ಬರೆಯಲು ಜಾಗ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಯಿರಿ.

ಬದುಕಿನ ಗುಣಮಟ್ಟಕ್ಕೆ ಹೆಚ್ಚಾಗಿ ಬಳಸುವುದು ಪಿಸಿಓಎಸ್‌ಕ್ಯೂ ಎಂಬ 26 ಪ್ರಶ್ನೆಗಳ ಪಟ್ಟಿ. ಭಾವನೆ, ಮೈಕೂದಲು, ತೂಕ, ಬಂಜೆತನದ ಚಿಂತೆ, ಮುಟ್ಟು, ಈ ಐದು ವಿಭಾಗ. ಉತ್ತರ 1ರಿಂದ 7. ಇಲ್ಲಿ 1 ಅಂದರೆ ಅತಿ ಹೆಚ್ಚು ತೊಂದರೆ, 7 ಅಂದರೆ ತೊಂದರೆಯೇ ಇಲ್ಲ. ಅವಸರದಲ್ಲಿ ಇದನ್ನು ಉಲ್ಟಾ ಹಿಡಿಯುವವರು ಇದ್ದೇ ಇರುತ್ತಾರೆ. ಮೂಲ ಪಟ್ಟಿಯಲ್ಲಿ ಮೊಡವೆಯ ಮಾತೇ ಇರಲಿಲ್ಲ. ಆಮೇಲೆ ಬಂದ ಆವೃತ್ತಿಗೆ ನಾಲ್ಕು ಪ್ರಶ್ನೆ ಸೇರಿ 30 ಆಯಿತು.

ಇದರ ಜೊತೆಗೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಇದ್ದರೆ ಅದರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ರಾತ್ರಿ ಹನ್ನೊಂದಕ್ಕೆ ಯಾರಾದರೂ ಅದಕ್ಕೆ ‘ಹೌದು’ ಎಂದರೆ ಯಾವಾಗ ಯಾರು ಫೋನ್ ಮಾಡುತ್ತಾರೆ? ಮಾಹಿತಿ ಪತ್ರದಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಆ ಅಧ್ಯಯನಕ್ಕೆ ಸೇರದಿರುವುದೇ ಲೇಸು. ಅವರ ಫೋನಿಗೆ ಕಾಯಬೇಕಾಗಿಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಕನ್ನಡದಲ್ಲೂ ಮಾತಾಡುತ್ತದೆ.

ಚೀಟಿ ಎತ್ತಿದಂತೆ ಹಂಚುವ ಪ್ರಯೋಗವಾದರೆ ಅರ್ಧ ಜನಕ್ಕೆ ನೆರವು ಈಗ, ಉಳಿದವರಿಗೆ ಮೂರೋ ಆರೋ ತಿಂಗಳ ನಂತರ. ‘ನಮಗೇನೂ ಕೊಡಲಿಲ್ಲ’ ಎಂಬ ಬೇಸರ ಸಹಜ. ಆದರೆ ಜನ ಇಂಥದಕ್ಕೆ ಹೆಸರು ಕೊಡುವುದೇ ತೀರಾ ಬೇಸತ್ತಾಗ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಕೆಲವರಿಗೆ ಸ್ವಲ್ಪ ಹಗುರಾಗುತ್ತದೆ. ಆ ಹಗುರವನ್ನು ಕಳೆದು ನೋಡಲು ಕಾಯುವ ಗುಂಪು ಬೇಕೇಬೇಕು. ಕಾಯುತ್ತಿರುವಾಗ ಬೇರೆ ಪಿಸಿಓಎಸ್ ಗುಂಪಿಗೆ ಸೇರಿದರೆ ತಪ್ಪಲ್ಲ, ಸೇರಿದ್ದನ್ನು ಮುಚ್ಚಿಟ್ಟರೆ ಮಾತ್ರ ಲೆಕ್ಕ ಕೆಡುತ್ತದೆ.

ಲೆಕ್ಕ ಇನ್ನೂ ಹೆಚ್ಚು ಕೆಡುವುದು ಜನ ಸದ್ದಿಲ್ಲದೆ ಹೊರಟುಹೋದಾಗ. ಆನ್‌ಲೈನ್ ಅಧ್ಯಯನಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, 2005ರಲ್ಲಿ ಇಂಟರ್ನೆಟ್ ಆರೋಗ್ಯ ಸಂಶೋಧಕ ಗುಂಥರ್ ಐಸೆನ್‌ಬಾಖ್ ಇದನ್ನೊಂದು ನಿಯಮವೆಂದೇ ಕರೆದರು. ನೂರರಲ್ಲಿ ನಲವತ್ತು ಜನ ಬಿಟ್ಟರು, ಬಿಟ್ಟವರು ಹೆಚ್ಚಾಗಿ ಉಪಯೋಗ ಕಾಣದವರೇ ಅಂದುಕೊಳ್ಳಿ. ಉಳಿದ ಅರವತ್ತರ ಸರಾಸರಿ ಚೆಂದವಾಗೇ ಬರುತ್ತದೆ. ಬಿಡುವುದು ನಿಮ್ಮ ಹಕ್ಕು, ಕಾರಣ ಹೇಳಬೇಕಾಗಿಲ್ಲ. ಆದರೂ ಗುಂಪು ಬಿಟ್ಟು, ಕೊನೆಯ ಪ್ರಶ್ನಾವಳಿಯೊಂದನ್ನು ತುಂಬಿ ಕೊಟ್ಟರೆ ‘ಇದು ನನಗೆ ಕೆಲಸಕ್ಕೆ ಬರಲಿಲ್ಲ’ ಎಂಬುದೂ ದಾಖಲಾಗುತ್ತದೆ.

ಒಪ್ಪಿಗೆಯ ಗುಂಡಿ ಒತ್ತುವ ಮುಂಚೆ ನೈತಿಕ ಸಮಿತಿಯ ಅನುಮತಿ ಸಂಖ್ಯೆ ನೋಡಿ. ಭಾರತದಲ್ಲಿ ನಡೆಯುವ ಪ್ರಯೋಗವಾದರೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿಯನ್ನೂ ಕೇಳಿ. 18 ತುಂಬದವರಿಗೆ ತಂದೆ-ತಾಯಿಯ ಒಪ್ಪಿಗೆ ಬೇಕು, ಹುಡುಗಿಯ ಸಮ್ಮತಿಯೂ ಬೇಕು. ಸೇರಲು ಹಣ ಕೇಳಿದರೆ, ಪೌಡರ್ ಡಬ್ಬ ಮಾರಲು ಬಂದರೆ, ಅದು ಸಂಶೋಧನೆಯ ವೇಷದ ವ್ಯಾಪಾರ.

ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ನಂಬರು ಉಳಿದವರಿಗೆಲ್ಲ ಕಾಣುತ್ತದೆ. ಅಲ್ಲಿ ನಿಮ್ಮ ಸೋದರತ್ತೆಯ ಊರಿನವರೂ ಇರಬಹುದು. ಮದುವೆಯ ಮಾತುಕತೆ ನಡೆದಿರುವ ಮನೆಯಲ್ಲಿ ಫೋನಿನ ಪರದೆಯ ಮೇಲೆ ‘ಪಿಸಿಓಎಸ್ 3ನೇ ವಾರ’ ಎಂದು ಸಂದೇಶ ಹೊಳೆದರೆ ಏನಾಗುತ್ತದೆ ಎಂದು ಸಂಶೋಧಕರಿಗೆ ಯಾವಾಗಲೂ ಹೊಳೆಯುವುದಿಲ್ಲ. ಲಾಕ್ ಆದ ಪರದೆಯಲ್ಲಿ ಸಂದೇಶ ಕಾಣದಂತೆ ಮಾಡಿಕೊಳ್ಳಿ, ಗುಂಪಿಗೆ ಬೇರೆ ಹೆಸರಿಡಲು ಹೇಳಿ. ಕೊಟ್ಟ ಮಾಹಿತಿಯನ್ನು ವಾಪಸು ಪಡೆಯಲು ಯಾವ ದಿನದವರೆಗೆ ಅವಕಾಶ ಎಂದೂ ಕೇಳಿಟ್ಟುಕೊಳ್ಳಿ: ಹೆಸರು ಅಳಿಸಿ ಎಲ್ಲರದನ್ನೂ ಒಟ್ಟಿಗೆ ಸೇರಿಸಿದ ಮೇಲೆ ನಿಮ್ಮದು ಯಾವುದೆಂದು ಅವರಿಗೂ ಹುಡುಕಲಾಗುವುದಿಲ್ಲ.